ತಾರೀಕು ಗೊತ್ತುಮಾಡಿದ ಹೆರಿಗೆ

ಭಾನುವಾರ, ಹದಿನಾಲ್ಕನೇ ತಾರೀಕು
ಮಧ್ಯಾಹ್ನ

ಲಿಫ್ಟ್ ಮೆಕ್ಯಾನಿಕ್ ಅವರಿಗೆ,

ಮೊದಲು 'ಪ್ರೀತಿಯ' ಎಂದು ಬರೆದೆ. ಅದನ್ನು ಹೊಡೆದುಹಾಕಿ ಬರಿಯ ಹೆಸರು ಬರೆದೆ. ಅದೂ ಯಾಕೋ ನೋಟೀಸು ಕಳಿಸಿದ ಹಾಗೆ ಕಂಡಿತು. ಹೊಸದಾಗಿ ಮದುವೆಯಾದಾಗ ನಿನ್ನನ್ನು ರೇಗಿಸಲು ಕರೆಯುತ್ತಿದ್ದ ಹೆಸರೇ ಇರಲಿ ಎಂದು ಮೂರನೇ ಹಾಳೆ ತೆಗೆದುಕೊಂಡಿದ್ದೇನೆ. ಇನ್ನೊಂದು ಹಾಳೆ ಹರಿಯುವ ಶಕ್ತಿ ನನಗಿಲ್ಲ.

ನಾಳೆ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಗೆ ಸೇರಬೇಕು. ಮೂವತ್ತೆಂಟು ವಾರ ತುಂಬಿತು. ತಾನಾಗಿ ನೋವು ಬರುವವರೆಗೆ ಕಾಯುವುದು ಬೇಡ, ಹೋದ ಸಲ ಹಾಗಾಗಿರುವಾಗ ಈ ಸಲ ಒಂದು ದಿನವೂ ಹೆಚ್ಚು ಬಿಡುವುದಿಲ್ಲ, ಔಷಧಿ ಕೊಟ್ಟು ನೋವು ಬರಿಸುತ್ತೇವೆ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು 'ಹೂಂ' ಎನ್ನುತ್ತೀಯ, ನಾನು 'ಸರಿ' ಎನ್ನುತ್ತೇನೆ, ಆಮೇಲೆ ಇಬ್ಬರೂ ಫೋನು ಕಿವಿಗೆ ಹಿಡಿದುಕೊಂಡು ಫ್ಯಾನಿನ ಸದ್ದು ಕೇಳುತ್ತೇವೆ. ಏಳು ತಿಂಗಳಿಂದ ಇದೇ ಆಯಿತು.

ನಿನ್ನ ಅಮ್ಮ ಚೆನ್ನಾಗಿದ್ದಾರೆ. ನಿನ್ನ ಜೊತೆ ಆ ಊರಿಗೆ ಬರದೆ ಸೊಸೆಯ ಹತ್ತಿರವೇ ಉಳಿದರಲ್ಲ ಎಂದು ನಿನಗೆ ಬೇಸರವಿರಬಹುದು. ಅದನ್ನು ಅವರನ್ನೇ ಕೇಳು. ನಾನು ಕೇಳಿದ್ದಕ್ಕೆ, "ಅವನು ಮನೆ ಬಿಟ್ಟ, ನಾನ್ಯಾಕೆ ಬಿಡ್ಲಿ?" ಎಂದರು.

ತಾರೀಕು ಗೊತ್ತುಮಾಡಿ ಹೆರುವುದು ಅವರಿಗೆ ಇನ್ನೂ ಅರಗಿಲ್ಲ. "ಇದೇನು ಬಸ್ಸಾ, ಎಂಟು ಗಂಟೆಗೆ ಹತ್ಕೊಂಡು ಹೋಗೋಕೆ?" ಎಂದು ವಾರದಿಂದ ಅನ್ನುತ್ತಲೇ ಇದ್ದಾರೆ. ಅನ್ನುತ್ತಲೇ ನನ್ನ ಚೀಲವನ್ನು ನಾಲ್ಕು ಸಲ ಕಟ್ಟಿ ಬಿಚ್ಚಿದ್ದಾರೆ. ಆಸ್ಪತ್ರೆಯವರು ಕೊಟ್ಟ ಪಟ್ಟಿಯಲ್ಲಿ ಮುಂದೆ ಗುಂಡಿಯಿರುವ ಎರಡು ನೈಟಿ, ಚಪ್ಪಲಿ, ಟವೆಲು, ಪ್ಯಾಡು, ಹಳೆಯ ರಿಪೋರ್ಟುಗಳ ಫೈಲು ಇಷ್ಟಿದೆ. ಅತ್ತೆ ಅದಕ್ಕೆ ಒಂದು ಟಾರ್ಚು, ಹಗ್ಗದ ಸುರುಳಿ ಮತ್ತು ಸುತ್ತಿಗೆ ಸೇರಿಸಿದ್ದರು. ಸುತ್ತಿಗೆ ಯಾಕೆ ಎಂದೆ. "ಇರ್ಲಿ ಬಿಡು, ಕಿಟಕಿ ಗಿಟಕಿ ಹಿಡ್ಕೊಂಡ್ರೆ?" ಎಂದರು. ಸುತ್ತಿಗೆಯನ್ನು ಅವರಿಗೆ ಕಾಣದ ಹಾಗೆ ತೆಗೆದಿಟ್ಟಿದ್ದೇನೆ.

ಮಗುವಿನ ಬಟ್ಟೆ ಮಾತ್ರ ಪಟ್ಟಿಯಲ್ಲಿದ್ದರೂ ಚೀಲದಲ್ಲಿರಲಿಲ್ಲ. ನಾನು ಕೊಂಡಿರಲಿಲ್ಲ. ಅಂಗಡಿಯವರೆಗೆ ಎರಡು ಸಲ ಹೋಗಿ ಬಾಗಿಲಿನಿಂದಲೇ ವಾಪಸು ಬಂದೆ. ಕೊಂಡರೆ ಕೆಡುತ್ತದೆ ಎಂಬ ಮೂಢನಂಬಿಕೆ ನನಗಿಲ್ಲ; ಅಂಗಿಗಳ ಆ ಪುಟ್ಟ ತೋಳುಗಳನ್ನು ಮುಟ್ಟಿ ನೋಡಿ ಆರಿಸುವುದು ಮತ್ತೊಮ್ಮೆ ಆಗುವುದಿಲ್ಲ, ಅಷ್ಟೆ. ನಿನ್ನೆ ಕೆಲಸದಿಂದ ಬಂದಾಗ ಹಗ್ಗದ ಮೇಲೆ ಆ ಹಳದಿ ಅಂಗಿ, ಬಿಳಿ ಟೋಪಿ, ಕಾಲುಚೀಲ ಎಲ್ಲ ಒಣಗುತ್ತಿದ್ದವು. ಬೀರುವಿನ ಮೇಲಿನ ಪೆಟ್ಟಿಗೆಯಲ್ಲಿ ಮೂರು ವರ್ಷದಿಂದ ಯಾರೂ ಮುಟ್ಟದೆ ಇದ್ದವು. ಅತ್ತೆ ತೆಗೆದು ಒಗೆದಿದ್ದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವರು ಕ್ಲಿಪ್ಪುಗಳನ್ನು ಸರಿಮಾಡುತ್ತಾ ನನ್ನ ಕಡೆ ತಿರುಗದೆ, "ಬಟ್ಟೆ ಏನ್ ಮಾಡ್ತು ಪಾಪ," ಎಂದರು.

ಕನ್ನಡಕದ ಅಂಗಡಿಗೆ ನಿನ್ನೆಯವರೆಗೂ ಹೋದೆ. ಗಾಜು ಉಜ್ಜುವ ಯಂತ್ರದ ಮುಂದೆ ಹೊಟ್ಟೆ ಅಡ್ಡ ಬಂದು ಕೈ ಎಟುಕುವುದಿಲ್ಲ. ಆದ್ದರಿಂದ ಹದಿನೈದು ದಿನದಿಂದ ಫ್ರೇಮಿಗೆ ತಿರುಪು ಹಾಕುವ ಕೆಲಸ. ಮಾಲೀಕರು ಕುರ್ಚಿಗೆ ದಿಂಬು ತಂದುಕೊಟ್ಟರು. ಕಾಲು ಊದಿವೆ, ಬೆನ್ನು ಹಿಡಿದಿದೆ, ಎಡಮಗ್ಗುಲಿಗೆ ಮಲಗು ಎನ್ನುತ್ತಾರೆ, ಎಡಮಗ್ಗುಲು ನನ್ನದೇ ಅಲ್ಲ ಎನಿಸಿಬಿಟ್ಟಿದೆ. ದಿನಕ್ಕೆ ಮೂರು ಸಲ ಕೂತು ಮಗುವಿನ ಒದೆ ಎಣಿಸುತ್ತೇನೆ. ಹತ್ತು ಆಗುವವರೆಗೆ ಉಸಿರು ಬಿಡುವುದಿಲ್ಲ. ಆದ ಮೇಲೆ ಮುಂದಿನ ಹತ್ತರ ಚಿಂತೆ.

ಆ ಶನಿವಾರದ ಬಗ್ಗೆ ಬರೆಯಲು ಕೂತಿಲ್ಲ. ಸಂಜೆ ನಾನು ಹೇಳಿದೆ, ನೀನು ನಾಳೆ ನೋಡೋಣ ಎಂದೆ, ಆದದ್ದು ಆಯಿತು. ಅದಕ್ಕಾಗಿ ನಿನ್ನನ್ನು ನಾನು ಯಾವತ್ತೂ ಬೈದಿಲ್ಲ ಎಂದು ನಿನಗೂ ಗೊತ್ತು. ಬರಬೇಕೆಂದೂ ಕೇಳುತ್ತಿಲ್ಲ. ತಿಳಿಸಬೇಕಿತ್ತು, ತಿಳಿಸಿದ್ದೇನೆ. ನಾಳೆ ಹೋಗುವ ದಾರಿಯಲ್ಲಿ ಇದನ್ನು ಅಂಚೆಗೆ ಹಾಕುತ್ತೇನೆ.

ಸೋಮವಾರ, ಮಧ್ಯಾಹ್ನ ಮೂರು ಗಂಟೆ

ಅಂಚೆಗೆ ಹಾಕಲಿಲ್ಲ. ಪೆಟ್ಟಿಗೆಯ ಮುಂದೆ ಆಟೋ ನಿಲ್ಲಿಸಿದ್ದೆ. ಇಳಿಯಲು ಆಗಲಿಲ್ಲ. ಈಗ ಅದೇ ಹಾಳೆಯ ಹಿಂದೆ ಬರೆಯುತ್ತಿದ್ದೇನೆ, ಯಾಕೆಂದರೆ ನಿನ್ನೆ ಮುಂಬದಿಯಲ್ಲಿ ಬರೆದದ್ದರಲ್ಲಿ ಒಂದು ಸುಳ್ಳಿದೆ.

ನಾಲ್ಕು ಮಂಚದ ಕೋಣೆ. ನನ್ನದು ಗೋಡೆ ಪಕ್ಕದ್ದು. ಹಸಿರು ಪರದೆ, ಚಕ್ರವಿರುವ ಮೇಜು, ಕಾಲು ಅಲುಗುವ ಸ್ಟೂಲು. ಸೇರಿಸಿಕೊಳ್ಳುವ ಮೊದಲು ನರ್ಸು ಒಂದು ಉದ್ದದ ಫಾರಂ ತುಂಬಿಸಿಕೊಂಡಳು. ಇಪ್ಪತ್ತೈದು ವರ್ಷವೂ ಇರಲಾರದ ಹುಡುಗಿ, ತಲೆ ಎತ್ತದೆ ಒಂದೊಂದೇ ಕೇಳುತ್ತಾ ಹೋದಳು. ಹಿಂದೆ ಹೆರಿಗೆ ಆಗಿದೆಯೇ? ಆಗಿದೆ. ಮಗು? ಉಳಿಯಲಿಲ್ಲ. ಎಷ್ಟು ವಾರ? ಮೂವತ್ತೊಂಬತ್ತು. ಆಮೇಲೆ ಕೇಳಿದಳು, "ಅಲುಗಾಟ ಕಮ್ಮಿ ಆಗಿದ್ದು ಯಾವಾಗ ಗೊತ್ತಾಯ್ತು?"

ಮೂರು ವರ್ಷದಿಂದ ಈ ಪ್ರಶ್ನೆಗೆ ಶನಿವಾರ ಸಂಜೆ ಎಂದೇ ಹೇಳಿಕೊಂಡು ಬಂದಿದ್ದೇನೆ. ಇವತ್ತು ಬಾಯಿಂದ 'ಗುರುವಾರ' ಎಂದು ಬಂತು.

ಹೌದು. ಗುರುವಾರ ಮಧ್ಯಾಹ್ನ. ಗಾಜು ಉಜ್ಜುವ ಯಂತ್ರದ ಪಕ್ಕದಲ್ಲಿ ತಿರುಪು ಹಾಕುತ್ತಾ ಕೂತಿದ್ದೆ. ಆ ಯಂತ್ರ ಕಿರ್ರೆಂದಾಗಲೆಲ್ಲ ಒದೆಯುತ್ತಿದ್ದ ಮಗು ಅವತ್ತು ಒದೆಯಲಿಲ್ಲ. ಮಲಗಿರಬೇಕು ಎಂದುಕೊಂಡೆ. ಶುಕ್ರವಾರ ಒಂದೆರಡು ಸಲ ಏನೋ ಹೊರಳಿದಂತೆ ಅನಿಸಿತು, ಅಥವಾ ಅನಿಸಲಿ ಎಂದು ಅನಿಸಿತು. ಅದರ ಹಿಂದಿನ ವಾರವಷ್ಟೇ ಎರಡು ಸಲ ಸುಮ್ಮನೆ ಹೆದರಿ ಆಸ್ಪತ್ರೆಗೆ ಓಡಿದ್ದೆ. ಎರಡನೇ ಸಲ ಅಲ್ಲಿಯವರು ಮುಖ ಮುಖ ನೋಡಿಕೊಂಡು ನಕ್ಕಿದ್ದರು. ಮೂರನೇ ಸಲ ಹೋಗಲು ನಾಚಿಕೆಯಾಯಿತು. ನಾಚಿಕೆ ಎಂದರೆ ಅರ್ಧ ಮಾತು. ಹೋಗಿ ಕೇಳಿದರೆ ನಿಜವಾಗಿಬಿಡುತ್ತದೆ, ಕೇಳದೆ ಇದ್ದರೆ ಇನ್ನೂ ಆಗಿಲ್ಲ ಎಂದೂ ಇತ್ತು. ಎರಡು ದಿನ ಹಾಗೇ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ತಿರುಪು ಹಾಕಿದೆ.

ಶನಿವಾರ ನೀನು ಹದಿನಾಲ್ಕು ಗಂಟೆ ಲಿಫ್ಟಿನ ತಳದ ಗುಂಡಿಯಲ್ಲಿ ಕೆಲಸ ಮಾಡಿ ಬಂದು ಕಣ್ಣು ಬಿಡಲಾಗದೆ ನಿಂತಿದ್ದೆ. ನಾನು ಏನು ಹೇಳಿದೆ ಗೊತ್ತೇ? "ಇವತ್ತು ಸ್ವಲ್ಪ ಕಮ್ಮಿ ಅಲ್ಲಾಡ್ತಿದೆ" ಎಂದೆ. ಇವತ್ತು. ಸ್ವಲ್ಪ. ಆ ಎರಡು ಪದ ಸೇರಿಸಿ ಹೇಳಿದರೆ ಯಾರಾದರೂ ನಾಳೆ ಹೋಗೋಣ ಎಂದೇ ಅನ್ನುತ್ತಾರೆ. ನೀನು ಹಾಗೆ ಅನ್ನಲಿ ಎಂದೇ ನಾನು ಹಾಗೆ ಹೇಳಿದ್ದೆ.

ಮರುದಿನ ಡಾಕ್ಟರು ಕೇಳಿದಾಗ ನನಗಿಂತ ಮೊದಲು ನೀನೇ ಉತ್ತರ ಕೊಟ್ಟೆ. "ನಿನ್ನೆ ಸಂಜೆನೇ ಹೇಳಿದ್ಲು ಸರ್, ನಾನೇ ಮಲಗು ಅಂದೆ." ನಾನು ಮಂಚದ ಮೇಲೆ ಮಲಗಿದ್ದೆ, ಎಚ್ಚರವಿತ್ತು, ಎಲ್ಲ ಕೇಳಿಸಿತು. ತಿದ್ದಲಿಲ್ಲ. ಇವತ್ತು ಬೇಡ, ನಾಳೆ ಹೇಳುತ್ತೇನೆ ಎಂದುಕೊಂಡೆ. ನಾಳೆ ನಾಳೆ ಎಂದು ತಿಂಗಳಾಯಿತು, ವರ್ಷವಾಯಿತು. ನೀನು ಊಟ ಬಿಟ್ಟೆ, ನಿದ್ದೆ ಬಿಟ್ಟೆ, ನನ್ನ ಜೊತೆ ಮಾತು ಬಿಟ್ಟೆ. ಈ ಮಗುವಿನ ರಿಪೋರ್ಟು ತೋರಿಸಿದ ದಿನ, "ನಾನು ಹತ್ರ ಇದ್ರೆ ಮತ್ತೆ ಏನಾದ್ರೂ ತಪ್ಪು ಹೇಳ್ತೀನಿ, ನಾನಿಲ್ದೇ ಇರೋದೇ ವಾಸಿ" ಎಂದು ಬೇರೆ ಊರಿಗೆ ಕೆಲಸ ಕೇಳಿಕೊಂಡು ಹೋದೆ. ಆಗಲೂ ನಾನು ಬಾಯಿ ಬಿಡಲಿಲ್ಲ. ನಿನ್ನನ್ನು ಯಾವತ್ತೂ ಬೈದಿಲ್ಲ ಎಂದು ನಿನ್ನೆ ದೊಡ್ಡ ಮನಸ್ಸಿನವಳ ಹಾಗೆ ಬರೆದಿದ್ದೇನೆ ನೋಡು. ಬೈಯಲು ನನಗೆ ಯಾವ ಮುಖವಿತ್ತು?

ನರ್ಸು ಗುರುವಾರ ಎಂದು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದಳು. ಆದರೆ ಅತ್ತೆ ಸ್ಟೂಲಿನ ಮೇಲೆ ಟವೆಲು ಮಡಿಸುತ್ತಾ ಕೂತಿದ್ದರು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದರು. ನರ್ಸು ಹೋದ ಮೇಲೆ ಕೇಳಿದರು.

"ಅವನಿಗೆ ಗೊತ್ತಾ?"

"ಇಲ್ಲ."

"ಬರೀತಿದ್ದೀಯಲ್ಲ ಏನೋ, ಅದರಲ್ಲಿ ಬರಿ. ನನ್ನ ಬಾಯಿಂದ ಹೇಳಿಸ್ಬೇಡ."

ಅಷ್ಟೇ. ಆಮೇಲೆ ಬಾಚಣಿಗೆ ತೆಗೆದು ನನ್ನ ಜಡೆ ಬಿಚ್ಚಿದರು. ಸಿಕ್ಕು ಬಿಡಿಸುವಾಗ ಕೈ ಸ್ವಲ್ಪ ಬಿರುಸಾಗಿತ್ತು. ಆದರೆ ಬಾಚುವುದನ್ನು ಪೂರ್ತಿ ಮುಗಿಸಿಯೇ ಎದ್ದರು.

ಮಂಗಳವಾರ, ಸಂಜೆ

ನಿನ್ನೆ ಬೆಳಿಗ್ಗೆ ಮೊದಲ ಮಾತ್ರೆ ಇಟ್ಟರು. ಆರು ಗಂಟೆ ಬಿಟ್ಟು ಪರೀಕ್ಷೆ. ಇನ್ನೂ ಗರ್ಭದ ಬಾಯಿ ತೆರೆದಿಲ್ಲ ಎಂದರು. ಎರಡನೆಯದು ಇಟ್ಟರು. ಮತ್ತೆ ಪರೀಕ್ಷೆ. ಒಂದು ಬೆರಳು ಎಂದರು. ಇವತ್ತು ಮೂರನೆಯದು. ಒಂದೂವರೆ ಬೆರಳಂತೆ. ಇಡೀ ಒಂದು ದಿನದ ದುಡಿಮೆಗೆ ಅರ್ಧ ಬೆರಳು ಬಡ್ತಿ. ಸೊಂಟದಲ್ಲಿ ಹಲ್ಲುನೋವಿನಂಥ ನೋವು ಬಂದು ಬಂದು ಹೋಗುತ್ತಿದೆ. ಇದು ನೋವಲ್ಲ, ನೋವಿನ ಪೀಠಿಕೆ ಎಂದು ಆಯಾ ಹೇಳಿದಳು.

ನಾನು ಕಾರಿಡಾರಿನಲ್ಲಿ ನಡೆಯುತ್ತೇನೆ. ಔಷಧಿ ಕೋಣೆಯಿಂದ ಕೈ ತೊಳೆಯುವ ತೊಟ್ಟಿಯವರೆಗೆ ನಲವತ್ತೊಂದು ಹೆಜ್ಜೆ. ಪಕ್ಕದ ಮಂಚಕ್ಕೆ ಇವತ್ತು ಮಧ್ಯಾಹ್ನ ಒಬ್ಬ ಶಾಲೆ ಟೀಚರು ಬಂದಳು. ಚಪ್ಪಲಿ ಬಿಡುವಷ್ಟರಲ್ಲಿ ನೋವು ಶುರುವಾಗಿ, ಎರಡು ಗಂಟೆಯಲ್ಲಿ ಹೆತ್ತು, ಈಗ ಬ್ರೆಡ್ಡು ತಿನ್ನುತ್ತಾ ಕೂತಿದ್ದಾಳೆ. ಅತ್ತೆ ಅವಳನ್ನು ನೋಡಿ ನನ್ನನ್ನು ನೋಡಿ, "ಕೆಲವರಿಗೆ ಎಲ್ಲಾ ಬೇಗ," ಎಂದು ನಿಟ್ಟುಸಿರು ಬಿಟ್ಟರು. ನನಗೆ ನಗು ಬಂತು. ನಕ್ಕರೆ ಸೊಂಟ ಹಿಡಿಯುತ್ತದೆ.

ಬೆಳಿಗ್ಗೆ ಡಾಕ್ಟರಮ್ಮ ಬಂದಾಗ ಗುರುವಾರದ ವಿಷಯ ಕೇಳಿಯೇಬಿಟ್ಟೆ. ಗುರುವಾರವೇ ಬಂದಿದ್ದರೆ ಉಳಿಯುತ್ತಿತ್ತೇ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಉಳೀತಿತ್ತು ಅಂತ ಹೇಳೋಕಾಗಲ್ಲ. ಉಳೀತಿರ್ಲಿಲ್ಲ ಅಂತಾನೂ ಹೇಳಲ್ಲ. ಸಮಾಧಾನಕ್ಕೆ ಸುಳ್ಳು ಹೇಳ್ಲಾ?" ಎಂದರು. ಬೇಡ ಎಂದೆ. ಸುಳ್ಳು ನನ್ನ ಹತ್ತಿರವೇ ಬೇಕಾದಷ್ಟಿತ್ತು.

ಆ ಉತ್ತರವನ್ನು ಹಾಗೇ ನಿನಗೂ ಕಳಿಸುತ್ತಿದ್ದೇನೆ. ತಪ್ಪು ನಿನ್ನದಲ್ಲ ಎಂಬುದು ಮಾತ್ರ ಖಂಡಿತ.

ನನಗೆ ತುಂಬಾ ಸುಸ್ತಾಗಿದೆ. ಭಯಪಡಲೂ ಸುಸ್ತು. ಹೊಟ್ಟೆಗೆ ಬೆಲ್ಟು ಕಟ್ಟಿದ್ದಾರೆ, ಮಗುವಿನ ಎದೆಬಡಿತ ಪಕ್ಕದ ಪೆಟ್ಟಿಗೆಯಲ್ಲಿ ದಡದಡ ಕೇಳಿಸುತ್ತದೆ. ಮಗ್ಗುಲು ಬದಲಿಸಿದರೆ ಬೆಲ್ಟು ಜಾರಿ ಸದ್ದು ನಿಲ್ಲುತ್ತದೆ. ನರ್ಸು ಬಂದು ಸರಿಮಾಡುವವರೆಗೆ ನಾನು ಕಲ್ಲಾಗಿ ಮಲಗಿರುತ್ತೇನೆ. ನಾಳೆ ಬೆಳಿಗ್ಗೆ ಡ್ರಿಪ್ಪು ಹಾಕುತ್ತಾರಂತೆ.

ಬುಧವಾರ, ಸಂಜೆ ನಾಲ್ಕೂಕಾಲು

ಹೆಣ್ಣು. ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ. ಎರಡು ಕಿಲೋ ಎಂಟುನೂರು ಗ್ರಾಂ.

ಮೊದಲು ಅದನ್ನೇ ಬರೆದೆ, ನೀನು ಕಾಯಬಾರದೆಂದು. ಈಗ ನಿಧಾನವಾಗಿ ಹೇಳುತ್ತೇನೆ. ಆರು ಗಂಟೆಗೆ ಡ್ರಿಪ್ಪು ಹಾಕಿದರು, ಏಳಕ್ಕೆ ನೀರಿನ ಚೀಲ ಒಡೆದರು. ಆಮೇಲೆ ಬಂದದ್ದನ್ನು ನೋವು ಎಂದು ಕರೆಯಲು ನನಗೂ ಅಭ್ಯಂತರವಿಲ್ಲ. ಒಂದು ಮುಗಿದು ಉಸಿರೆಳೆಯುವಷ್ಟರಲ್ಲಿ ಇನ್ನೊಂದು. ಹನ್ನೊಂದರ ಹೊತ್ತಿಗೆ ಆ ಪೆಟ್ಟಿಗೆಯ ದಡದಡ ನಿಧಾನವಾಯಿತು. ಬೆಲ್ಟು ಜಾರಿದೆ ಎಂದುಕೊಂಡೆ. ಜಾರಿರಲಿಲ್ಲ. ನಾಲ್ಕು ಜನ ಒಟ್ಟಿಗೆ ಒಳಗೆ ಬಂದರು. ಮೂಗಿಗೆ ಮಾಸ್ಕು ಹಾಕಿದರು, ಡ್ರಿಪ್ಪು ನಿಲ್ಲಿಸಿ ಎಂದರು, ಎಡಕ್ಕೆ ತಿರುಗಿಸಿದರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅದೇ ಹೆಚ್ಚು ಹೆದರಿಸಿತು. ಅತ್ತೆಯನ್ನು ಹೊರಗೆ ಹೋಗಿ ಎಂದರು. ಅವರು ಕೇಳಿಸಲಿಲ್ಲ ಎಂಬಂತೆ ನನ್ನ ತಲೆಯ ಹತ್ತಿರವೇ ನಿಂತರು.

ಡಾಕ್ಟರಮ್ಮ ನನ್ನ ಮುಖಕ್ಕೆ ಮುಖ ತಂದು, "ಈಗ ನೀನು ತಳ್ಳಬೇಕು, ನಂಗೋಸ್ಕರ ಅಲ್ಲ, ಮಗೂಗೋಸ್ಕರ," ಎಂದರು. ತಳ್ಳಿದೆ. ಎಷ್ಟು ಸಲವೋ ಗೊತ್ತಿಲ್ಲ. ಆಗುವುದಿಲ್ಲ ಎಂದು ಕಿರುಚಿದ್ದು ನೆನಪಿದೆ. ಅತ್ತೆ ಕಿವಿಯಲ್ಲಿ, "ಆಗಲ್ಲ ಅಂತಾನೇ ಅಂತಿರು, ತಳ್ತಾ ಇರು," ಎಂದದ್ದೂ.

ಮಗು ಆಚೆ ಬಂದಾಗ ಅಳಲಿಲ್ಲ. ಹೋದ ಸಲದ ಆ ಮೌನ ನನಗೆ ಗೊತ್ತು. ಕೋಣೆಯ ಗೋಡೆ, ದೀಪ, ಎಲ್ಲರ ಬೆನ್ನು, ಎಲ್ಲ ಅದೇ. ನಾನು ಕಣ್ಣು ಮುಚ್ಚಿಕೊಂಡೆ. ಆಗ ಬೆಕ್ಕಿನ ಮರಿ ಸೀನಿದ ಹಾಗೆ ಒಂದು ಸದ್ದು, ಅದರ ಹಿಂದೆಯೇ ಕೋಪದ ಅಳು. ಇಡೀ ಮಹಡಿಗೆ ಕೇಳಿಸುವಂಥದ್ದು. ಆ ಕೋಪ ಕೇಳಿ ಕಣ್ಣು ಬಿಟ್ಟೆ.

ಅತ್ತೆ ಮಗುವನ್ನು ನೋಡಿ, "ಮೂಗು ಅವನದ್ದೇ, ಪಾಪ," ಎಂದರು. ಆಮೇಲೆ ಗೋಡೆಗೆ ಒರಗಿ ಒಮ್ಮೆಲೇ ಅತ್ತರು. ಮೂರು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಇದೇ ಮೊದಲು. ನಾನು ಮಲಗಿದ್ದಲ್ಲಿಂದಲೇ ಕೈ ಚಾಚಿದೆ. ಹಿಡಿದುಕೊಂಡರು. ಕ್ಷಮಿಸಿದರೋ ಇಲ್ಲವೋ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ನೀನೂ ಕೂಡಲೇ ಏನೂ ಹೇಳಬೇಕಾಗಿಲ್ಲ. ಮೂರು ವರ್ಷ ನಿನ್ನ ಬೆನ್ನ ಮೇಲೆ ಹೊರಿಸಿದ್ದನ್ನು ಒಂದು ಕಾಗದದಲ್ಲಿ ಇಳಿಸಲಾಗುವುದಿಲ್ಲ ಎಂದು ಗೊತ್ತು. ಬೈಯಬೇಕೆನಿಸಿದರೆ ಬೈ. ಆ ಸಾಲ ನನ್ನ ಮೇಲಿದೆ. ಹಿಡಿದ ಪೆನ್ನು ಜಾರುತ್ತಿದೆ, ನಿಲ್ಲಿಸುತ್ತೇನೆ.

ಮೂರು ದಿನದಿಂದ ಕಣ್ಣು ಮುಚ್ಚದ,
ನಿನ್ನ ಮಗಳ ತಾಯಿ

ಆಮೇಲೆ ಸೇರಿಸಿದ್ದು: ಇದನ್ನು ಮಡಿಸಿ ಲಕೋಟೆಗೆ ಹಾಕುತ್ತಿದ್ದಾಗ ಆಯಾ ಬಂದು, "ನಿಮ್ಮತ್ತೆ ಸೋಮವಾರದಿಂದ ಊಟದ ಡಬ್ಬಿ ಹಿಡ್ಕೊಂಡು ಕೆಳಗೆ ಹೋಗ್ತಾರಲ್ಲ, ಅಲ್ಲಿ ಬೈಕ್ ನಿಲ್ಸೋ ಕಡೆ ಕೂತಿರೋರು ನಿಮ್ಮ ಯಜಮಾನರಾ? ಅವರ್ಯಾಕೆ ಒಮ್ಮೆನೂ ಮೇಲೆ ಬರ್ಲಿಲ್ಲ?" ಎಂದಳು. ಅತ್ತೆಯನ್ನು ಕೇಳಿದೆ. "ನಾನೇ ಕರೆಸ್ದೆ. ನಿಂಗೆ ಹೇಳ್ಬೇಡ ಅಂದ, ಹೇಳ್ಲಿಲ್ಲ. ನೀನೇ ಬರೀತೀಯ ಅಂತ ನಿನ್ನ ಗುರುವಾರದ ಮಾತೂ ಅವನಿಗೆ ಹೇಳ್ಲಿಲ್ಲ. ಇಬ್ಬರ ಗುಟ್ಟೂ ಹೊತ್ಕೊಂಡು ಹತ್ತಿಳಿದು ನನ್ನ ಮಂಡಿ ಹೋಯ್ತು," ಎಂದರು. ಹಾಗಾಗಿ ಲಕೋಟೆಗೆ ಅಂಚೆಚೀಟಿ ಹಚ್ಚುತ್ತಿಲ್ಲ, ಆಯಾಳ ಕೈಯಲ್ಲೇ ಕಳಿಸುತ್ತಿದ್ದೇನೆ. ಪೂರ್ತಿ ಓದು. ಓದಿದ ಮೇಲೆ ಹೊರಟುಹೋಗಬೇಕೆನಿಸಿದರೆ ಹೋಗು, ಆದರೆ ಅವಳನ್ನು ಒಮ್ಮೆ ನೋಡಿ ಹೋಗು. ಐದರಿಂದ ಏಳರವರೆಗೆ ಒಳಗೆ ಬಿಡುತ್ತಾರೆ. ಮನೆಗೆ ವಾಪಸು ಬರುವ ಮಾತು ಬೇರೆ; ಅದನ್ನು ಆಡಲು ನಾನು ಮೊದಲು ನಿದ್ದೆ ಮಾಡಬೇಕು. ಬರುವಾಗ ಕೈ ಚೆನ್ನಾಗಿ ತೊಳೆದುಕೊಂಡು ಬಾ, ಗ್ರೀಸು ಉಗುರಿನ ಸಂದಿಯಲ್ಲೂ ಇರುತ್ತದೆ.