ಗೋಡೆಯಾಚೆಗೆ ನಾಲ್ಕು ಮೆಟ್ಟಿಲು

ಊರ ಮುಖ್ಯಸ್ಥರಾದ ಪ್ರಯೂನಣ್ಣನಿಗೆ, ಪಕ್ಕದ ಮನೆಯ ಲಮೈ ಮಾಡುವ ನಮಸ್ಕಾರ.

ಪ್ರವಾಹ ತಡೆಯುವ ಗೋಡೆ ನಿನ್ನೆ ಮುಗಿಯಿತು. ಗಟ್ಟಿಯಾಗಿದೆ, ನನ್ನ ಎದೆಯೆತ್ತರಕ್ಕಿದೆ. ಬೌದ್ಧ ವಿಹಾರದಲ್ಲಿ ಊರ ಸಭೆ ಸೇರಿದಾಗ ನೀವು, "ನೀನ್ಯಾಕೆ ಹೆದರ್ತೀಯ ಲಮೈ? ನಿಮ್ಮನೇನ ಹೊರಗೆ ಬಿಟ್ಟು ಗೋಡೆ ಕಟ್ತೀನಾ?" ಎಂದು ನಕ್ಕಿರಿ. ನಂಬಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ಕೆಲಸದವರಿಗೆ ಮೂರು ದಿನ ಮೀನುಸಾರು, ಅನ್ನ ಬಡಿಸಿದೆ. ನಾಲ್ಕನೆಯ ದಿನ ಅವರು ನಮ್ಮ ಮನೆಗೂ ಬೀದಿಗೂ ನಡುವೆ ಪಾಯ ಅಗೆದರು. ಕೇಳಿದರೆ ಮೇಸ್ತ್ರಿ ತಲೆ ತಗ್ಗಿಸಿ, "ಅಕ್ಕಾ, ನಕ್ಷೇಲಿ ನಿಮ್ಮನೆ ಹೊಳೆ ಪಾಲು" ಎಂದ. ನಿಮ್ಮ ಮನೆಯೂ ದಂಡೆಯಲ್ಲೇ ಇದೆ. ಅಲ್ಲಿ ಮಾತ್ರ ಗೋಡೆ ತಿರುವು ತೆಗೆದುಕೊಂಡು, ನಿಮ್ಮ ಮಾವಿನ ಮರವನ್ನೂ ಒಳಗೆ ಹಾಕಿಕೊಂಡಿದೆ.

ಜಗಳಕ್ಕೆ ಬರುತ್ತಿಲ್ಲ. ನನಗೆ ಕೆಲಸಕ್ಕೆ ಹೋಗಲು ಬ್ಯಾಂಕಾಕ್ ಬಸ್ಸಿದೆ, ಅಮ್ಮ ಭಿಕ್ಷುಗಳಿಗೆ ಅನ್ನ ನೀಡಬೇಕು. ಇಬ್ಬರೂ ದಿನಾ ಬೆಳಿಗ್ಗೆ ಬೀದಿಗೆ ಬರಲೇಬೇಕು. ನಿಮ್ಮ ಬದಿಗೆ ನಾಲ್ಕು ಮೆಟ್ಟಿಲು ಕಟ್ಟಿಸಿಕೊಡಿ. ಅಮ್ಮನ ಮಂಡಿ ನಿಮಗೆ ಗೊತ್ತು, ಅವಳು ಹಾರಲಾರಳು.

ನಮ್ಮ ಬದಿಯ ಚಿಂತೆ ಬೇಡ. ಏಣಿ ಒರಗಿಸಿದ್ದೇನೆ. ಕಳೆದ ಪ್ರವಾಹದಲ್ಲಿ ನೀವು, ಅತ್ತಿಗೆ, ಮಕ್ಕಳು ನಮ್ಮ ಅಟ್ಟ ಹತ್ತಿ ಹನ್ನೊಂದು ದಿನ ಇದ್ದಿರಲ್ಲ, ಅದೇ ಏಣಿ.

ಇಂತಿ,
ಗೋಡೆಯಾಚೆಯ ಲಮೈ