ಕೊಯ್ಯದೆ ಬಿಟ್ಟ ಚಾಪೆಯಗಲ ಜಾಗ

ಅಪ್ಪಾ,

ರಜೆ ಅಂತ ಇವತ್ತು ಹೆದ್ದಾರಿಯಲ್ಲಿ ಇರುವೆ ನುಸುಳೋಕೂ ಜಾಗ ಇರಲಿಲ್ಲ. ಅದಕ್ಕೇ ನೀನು ಮೂವತ್ತು ವರ್ಷ ಅಂಚಿನ ಹುಲ್ಲು ಕೊಯ್ದ ಒಳರಸ್ತೆಗೆ ನಾನು ಕಾರು ತಿರುಗಿಸಿದೆ. "ಒಂದ್ಸಲ ಬಾರೇ, ನೀಲಿ ಕಾಡುಹೂ ತೋರಿಸ್ತೀನಿ" ಅಂತ ಪ್ರತಿ ರಜೆಗೂ ಕರೆಯುತ್ತಿದ್ದೆಯಲ್ಲ. ನನಗೆ ಯಾವಾಗಲೂ ಏನೋ ಕೆಲಸ.

ಅಂಚೆಲ್ಲ ನುಣ್ಣಗೆ ಬೋಳಿಸಿದ್ದರು. ಮೈಲಿಗಲ್ಲಿನ ಪಕ್ಕ ಮಾತ್ರ ಒಂದು ಚಾಪೆಯಗಲ ಹಾಗೇ ಬಿಟ್ಟಿದ್ದರು, ಅದರ ತುಂಬ ನೀಲಿ ಹೂ. ನೀನು ಈಗಷ್ಟೇ ಅಲ್ಲಿಂದ ಎದ್ದು ಹೋದ ಹಾಗಿತ್ತು.

ಮುಂದೆ ಯಂತ್ರ ಹಿಡಿದು ಹುಲ್ಲು ಕೊಯ್ಯುತ್ತಿದ್ದವನನ್ನು, ಅಷ್ಟು ಜಾಗ ಯಾಕೆ ಬಿಟ್ಟಿದ್ದೀಯ ಅಂತ ಕೇಳಿದೆ.

"ಹಳೇ ಮೇಸ್ತ್ರಿ ಸಾಯೋ ಮುಂಚೆ ಹೇಳಿದ್ರು ಮೇಡಂ, ಮಗಳು ಬಂದು ನೋಡೋವರೆಗೂ ಮುಟ್ಟಬೇಡ ಅಂತ. ಎರಡು ವರ್ಷ ಆಯ್ತು, ಪುಣ್ಯಾತ್ಗಿತ್ತಿ ಇನ್ನೂ ಬಂದಿಲ್ಲ."

ಆ ಮಗಳು ನಾನೇ ಅಂತ ಹೇಳಲಿಲ್ಲ ಅಪ್ಪಾ. ಹೇಳಿದ್ದರೆ ಕೊಯ್ದುಬಿಡುತ್ತಿದ್ದ.