ಐದು ಒಂಬತ್ತು

ಉಜ್ದಾ
೧೪ ಏಪ್ರಿಲ್ ೨೦೧೯

ಪ್ರೀತಿಯ ಅಕ್ಕ ರಹ್ಮೂನಾಳಿಗೆ ತಮ್ಮ ಬೆನ್‌ಯೂನಸ್‌ನ ಸಲಾಮು.

ಎರಡು ವರ್ಷ ತಡವಾಗಿ ಬರೆಯುತ್ತಿದ್ದೇನೆ, ಮನ್ನಿಸು. ನೀನು ಗಡಿಯಾಚೆ ತ್ಲೆಮ್ಸೆನ್‌ನಲ್ಲಿ. ನನ್ನ ಫೋನು ಎತ್ತುವುದಿಲ್ಲ. ಆದರೆ ಅಪ್ಪ ಕಲಿಸಿದ ಹವ್ಯಾಸಿ ರೇಡಿಯೋ ನೀನಿನ್ನೂ ಬಿಟ್ಟಿಲ್ಲವೆಂದು ಗೊತ್ತಿತ್ತು. ಹವ್ಯಾಸಿಗಳ ಮಾತು ದಾಟಿಸುವ ಉಪಗ್ರಹದ ಮೇಲೆ ಹೆಸರು ಹಿಡಿದು ಕರೆದವರಿಗೆ ಉತ್ತರ ಕೊಡುವುದು ನಮ್ಮವರ ಮರ್ಯಾದೆಯಲ್ಲವೇ? ಒಂದು ಸಲ ನಿನ್ನ ಮಾತು ಕೇಳಿದರೆ ಸಾಕೆಂದು ಗುರುವಾರ ಮಧ್ಯಾಹ್ನ ಕೈರೇಡಿಯೋ ಹಿಡಿದು ಮಹಡಿ ಹತ್ತಿದೆ.

ಉಪಗ್ರಹ ನಮ್ಮ ಮೇಲೆ ಹಾದುಹೋಗುವುದು ಹನ್ನೊಂದೇ ನಿಮಿಷ. ಅಳತೆಪಟ್ಟಿ ಕತ್ತರಿಸಿ ಮಾಡಿದ ಆಂಟೆನಾ ತಿರುಗಿಸುತ್ತ ನಿಂತೆ. ಇಟಲಿಯವರು, ಸ್ಪೇನಿನವರು ದೊಡ್ಡ ಯಂತ್ರಗಳಿಂದ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ನನ್ನದು ಐದು ವಾಟ್. ನಾಲ್ಕು ಸಲ ಕರೆದೆ, ನಾಲ್ಕು ಸಲವೂ ಯಾರದೋ ದನಿ ನನ್ನದನ್ನು ತುಳಿಯಿತು.

ಬಟ್ಟೆ ಹರವುತ್ತಿದ್ದ ನನ್ನ ಹೆಂಡತಿ ಯಮ್ನಾ ನಕ್ಕಳು. "ಏನ್ರೀ, ಮೀನುಪೇಟೇಲಿ ಪಿಸುಗುಟ್ದಂಗಿದೆ! ಜೋರಾಗಿ ಕೂಗ್ಬಾರ್ದಾ?"

"ಕೂಗಿದ್ರೆ ವಾಟ್ ಹೆಚ್ಚಾಗಲ್ಲ ಕಣೇ, ಸುಮ್ನಿರು."

ಎಂಟನೆಯ ನಿಮಿಷಕ್ಕೆ ನಿನ್ನ ದನಿ ಬಂತು. ನೀನು ಯಾರಿಗೋ ವಂದನೆ ಹೇಳಿ ಮುಗಿಸುತ್ತಿದ್ದೆ. ಗುಂಡಿ ಒತ್ತಿ ನಿನ್ನ ರೇಡಿಯೋ ಹೆಸರು, ನನ್ನ ರೇಡಿಯೋ ಹೆಸರು ಹೇಳಿದೆ. ಮತ್ತೆ ಹೇಳಿದೆ. ಗಡಿಬಿಡಿಯಲ್ಲಿ ಆಂಟೆನಾ ಓಲಾಡಿತು. ಪಕ್ಕದಲ್ಲಿಟ್ಟಿದ್ದ ಇನ್ನೊಂದು ರೇಡಿಯೋದಲ್ಲಿ ಉಪಗ್ರಹದಿಂದ ಮರಳಿ ಬಂದ ನನ್ನ ದನಿ ಅರ್ಧ ಅಕ್ಷರ, ಅರ್ಧ ಗೊರಗೊರ. ಉಪಗ್ರಹ ಇಳಿಯುತ್ತಿತ್ತು.

ಕೊನೆಗೆ ನೀನು ನನ್ನ ಹೆಸರು ಕರೆದೆ. "ಐದು ಒಂಬತ್ತು" ಎಂದೆ. ಅಷ್ಟೇ.

"ಹಂಗಂದ್ರೇನು?" ಯಮ್ನಾ ಕೇಳಿದಳು.

"ಸ್ಪಷ್ಟವಾಗಿ, ಜೋರಾಗಿ ಕೇಳಿಸ್ತು ಅಂತ."

"ಮತ್ತೆ ಮುಖ ಯಾಕೆ ಹಂಗಾಯ್ತು? ಅತ್ತಿಗೆ ಮಾತಾಡಿದ್ರಲ್ಲ!"

ಏನು ಹೇಳಲಿ ಅಕ್ಕಾ? ಲೋಕವೆಲ್ಲ ಸೌಜನ್ಯಕ್ಕೆ ಐದು ಒಂಬತ್ತು ಅನ್ನಲಿ, ನೀವು ಕಿವಿಗೆ ಬಿದ್ದಷ್ಟೇ ಹೇಳಿ ಎಂದು ಅಪ್ಪ ಕಲಿಸಿದ್ದರು. ನೀನೆಂದೂ ತಪ್ಪಿದವಳಲ್ಲ. ಲೋಕ ಅಪರಿಚಿತರಿಗೆ ಕೊಡುವುದನ್ನು ಅಂದು ನನ್ನ ಗೊರಗೊರ ದನಿಗೆ ಕೊಟ್ಟೆ.

ಭಾವನಿಗೆ ಸಲಾಮು. ನಿನ್ನ ಮನೆಯಲ್ಲಿ ದೇವರು ನೆಮ್ಮದಿ ಇಡಲಿ.

ನಿನ್ನ ತಮ್ಮ,
ಬೆನ್‌ಯೂನಸ್

ಇನ್ನೊಂದು ಮಾತು: ಅಮ್ಮ ಹಾಸಿಗೆ ಹಿಡಿದಾಗ ಪ್ರತಿ ಶುಕ್ರವಾರ ನೀನು ಫೋನಿನಲ್ಲಿ "ಹೇಗಿದ್ದಾಳೋ?" ಎಂದು ಕೇಳುತ್ತಿದ್ದೆ. "ಐದು ಒಂಬತ್ತು, ಅಕ್ಕಾ" ಎಂದು ನಗುತ್ತಿದ್ದವನು ನಾನು. ಗಡಿ ಮುಚ್ಚಿದೆ, ವಿಮಾನದಲ್ಲಿ ಕಾಸಾಬ್ಲಾಂಕಾ ಸುತ್ತಿ ಬರಬೇಕು, ನಿನಗೇಕೆ ಗಾಬರಿ ಎಂದುಕೊಂಡೆ. ಅಮ್ಮನಿಗೆ ಮಣ್ಣು ಹಾಕುವುದಕ್ಕೂ ನಿನಗೆ ಬರಲಾಗಲಿಲ್ಲ. ಕಿವಿಗೆ ಬಿದ್ದಷ್ಟೇ ಈಗ ಹೇಳುತ್ತೇನೆ. ಕೊನೆಯ ಮೂರು ದಿನ ಬಾಗಿಲು ಸದ್ದಾದಾಗಲೆಲ್ಲ ಅಮ್ಮ "ರಹ್ಮೂನಾ ಬಂದ್ಳಾ?" ಎಂದಳು. "ದಾರೀಲಿದ್ದಾಳೆ" ಎಂದೆ.